ಉದ್ರಿ ವಹಿ, ಉಡಿ ಮತ್ತು ರೊಟ್ಟಿ

ಗುಳೇದಗುಡ್ಡದಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಗಿರಾಕಿಗಳಲ್ಲಿ ಖಣ, ಅಂದರೆ ರವಿಕೆ ಬಟ್ಟೆ, ನೇಯುವವರೇ ಜಾಸ್ತಿ. ಯಾರ ಮನೆ ಕಷ್ಟದಲ್ಲಿದೆ ಅಂತ ನಾನು ಯಾರನ್ನೂ ಕೇಳಬೇಕಿಲ್ಲ, ಉದ್ರಿ ವಹಿಯೇ ಹೇಳುತ್ತದೆ. ಲೀಟರ್‌ಗಟ್ಟಲೆ ಎಣ್ಣೆ ಒಯ್ಯುತ್ತಿದ್ದವರು ಹತ್ತು ರೂಪಾಯಿ ಎಣ್ಣೆ ಕೇಳಿದರೆ ಮಗ್ಗ ನಿಂತಿದೆ ಅಂತಲೇ ಲೆಕ್ಕ.

2020ರ ಲಾಕ್‌ಡೌನ್‌ನಲ್ಲಿ ಓಣಿಯ ಮಗ್ಗಗಳ ಸಪ್ಪಳವೇ ಅಡಗಿತು. ನೂಲು ಬರಲಿಲ್ಲ, ನೇಯ್ದ ಖಣ ಹೋಗಲಿಲ್ಲ. ರೇಷನ್ ಅಕ್ಕಿ ಬಂತು, ಸರಿ. ಬೇಳೆ, ಖಾರಪುಡಿ, ಸಾಬೂನು, ಚಹಾಪುಡಿನೂ ಬೇಕಲ್ವಾ? ಗೆಳೆಯರು ಕೂಡಿ ಚೀಲ ತುಂಬಿ ಹಂಚಿದೆವು. ಸುಮ್ನೆ ಹಂಚಿದ್ದರೆ ಆಗಿತ್ತು. ಫೋಟೋ ತೆಗೆದು ವಾಟ್ಸಾಪ್‌ಗೂ ಹಾಕಿದೆವು. ಫೋಟೋದಲ್ಲಿದ್ದ ಒಬ್ಬ ಅಕ್ಕ ಮರುದಿನದಿಂದ ನಮ್ಮ ಅಂಗಡಿ ದಾಟಿ, ಎರಡು ಓಣಿ ಆಚೆಯ ಅಂಗಡಿಗೆ ಹೋಗತೊಡಗಿದರು. ತಲೆ ಎತ್ತಿ ನೋಡುತ್ತಲೂ ಇರಲಿಲ್ಲ.

"ಚೀಲ ಕೊಟ್ರ ಯಾರಿಗೆ ಸೇರತೈತ್ರೀ? ಉಡಿ ತುಂಬಿದ್ರ ಯಾರೂ ಬ್ಯಾಡ ಅನ್ನಂಗಿಲ್ಲ," ಅಂದಳು ನನ್ನ ಹೆಂಡತಿ. ಶ್ರಾವಣದ ಒಂದು ಶುಕ್ರವಾರ ಆ ಅಕ್ಕನನ್ನು ತಾನೇ ಹೋಗಿ ಕರೆತಂದಳು. ಕುಂಕುಮ ಹಚ್ಚಿ, ಸೆರಗಿನ ಉಡಿಯಲ್ಲಿ ಖಣ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು ಇಟ್ಟು, ಬೊಗಸೆ ಮೇಲೆ ಬೊಗಸೆ ಗೋಧಿ ಹಾಕಿದಳು. ಐದಕ್ಕೆ ನಿಲ್ಲಿಸಲೇ ಇಲ್ಲ. ಸೆರಗು ಜಗ್ಗತೊಡಗಿತು. "ಇದೇನ ಉಡಿನೋ ಚೀಲನೋ?" ಅಂತ ಅಕ್ಕ ನಕ್ಕರು. ಮರುದಿನ ಅಂಗಡಿಗೆ ಬಂದರು.

ಆದರೆ ಗಂಡ ತೀರಿಕೊಂಡವರಿಗೆ ಉಡಿ ತುಂಬುವ ರೂಢಿ ನಮ್ಮಲ್ಲಿಲ್ಲ. ನನಗಂತೂ ಅದು ಸರಿ ಅನ್ನಿಸಲ್ಲ, ಜಾಸ್ತಿ ತಾಪತ್ರಯ ಅವರಿಗೇ. ಹಿಂದಿನ ಓಣಿಯ ಕಾಕಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಬದುಕುತ್ತಿದ್ದವರು. ಮಗ್ಗ ನಿಂತ ಮೇಲೆ ಸುತ್ತುವುದೇನು? "ಕಾಕಿ, ಅಂಗಡಿಗೆ ಕಡಕ್ ರೊಟ್ಟಿ ಬೇಕಾಗ್ಯಾವ, ಮಾಡೋರ ಸಿಗವಲ್ರು," ಅಂತ ಸುಳ್ಳು ಹೇಳಿ ಜೋಳದ ಹಿಟ್ಟು ಕೊಟ್ಟೆ. ಮೊದಲ ಎರಡು ವಾರ ಉಳಿದ ರೊಟ್ಟಿಯನ್ನೆಲ್ಲ ಮೂರು ಹೊತ್ತೂ ನಾವೇ ತಿಂದೆವು. ನನ್ನ ಮಗ ರೊಟ್ಟಿ ಅಂದರೆ ಓಡುತ್ತಿದ್ದ. ಈಗ ಗಿರಾಕಿಗಳೇ ಕೇಳಿಕೊಂಡು ಬರುತ್ತಾರೆ.

ಹಿಟ್ಟಿನ ಲೆಕ್ಕ ವಹಿಯಲ್ಲಿ ಬರೆದೇ ಕೊಡುತ್ತೇನೆ. ಬರೆಯದಿದ್ದರೆ ಕಾಕಿ ಒಯ್ಯುವುದಿಲ್ಲ. ಹೋದ ವಾರ ಗಿರಾಕಿಗಳ ಮುಂದೆಯೇ ಬೈದರು: "ಹಿಟ್ಟ ದಪ್ಪ ಬೀಸ್ಯಾರೋ ತಮ್ಮಾ, ರೊಟ್ಟಿ ಹರೀತಾವ. ಗಿರಣಿ ಬದಲಸು."

ಬದಲಿಸಿದೆ.