ಸುರಂಗ ನೋಡಲು ಜನ ಬಂದರು: ನನ್ನ ಅನುಭವ

ಕಾಸರಗೋಡಿನ ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗಗಳನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ ಅಂದಾಗ ನನ್ನ ಜೊತೆಯ ಅಧ್ಯಾಪಕರು ಯಾರೂ ನಂಬಲಿಲ್ಲ. "ಬೇಕಲ ಕೋಟೆ ಇರುವಾಗ ಮಣ್ಣಿನ ಮಾಟೆ (ಬಿಲ) ನೋಡಲು ಯಾರು ಬರ್ತಾರೆ ಮಾಷ್ಟ್ರೆ?" ಅಂದರು. ಮೂರನೇ ವರ್ಷಕ್ಕೆ ಬಂದರು.

ಮೊದಲ ವರ್ಷ ಪೂರ್ತಿ ಹಾಳು. ಸುರಂಗ ಇರುವ ಮನೆಗಳಿಗೆ ನನ್ನ 14 ವಿದ್ಯಾರ್ಥಿಗಳನ್ನು ಕಳಿಸಿದೆ, ಒಬ್ಬೊಬ್ಬರ ಕೈಯಲ್ಲೂ ನಾಲ್ಕು ಪುಟದ ಪ್ರಶ್ನಾವಳಿ. ಪ್ರವಾಸಿಗರು ಬಂದರೆ ಇಷ್ಟವಾ ಅಂತ ಕೇಳಿದರೆ ಎಲ್ಲರೂ ಹೌದು ಅಂದರು. ಅಂಗಳಕ್ಕೆ ಬಂದ ಮಕ್ಕಳಿಗೆ ಇಲ್ಲ ಅಂತ ಯಾರು ಹೇಳ್ತಾರೆ? ಜೀಪು, ಜೆರಾಕ್ಸು, ಊಟ ಅಂತ ಸುಮಾರು 12 ಸಾವಿರ ಹೋಯಿತು. ಜಾಸ್ತಿ ಪಾಲು ನನ್ನ ಕೈಯಿಂದಲೇ.

ಮರುವರ್ಷ ಪ್ರಶ್ನಾವಳಿ ಬಿಟ್ಟೆ. ಮಕ್ಕಳನ್ನು ಮನೆಗೆ ಇಬ್ಬರಂತೆ ಹತ್ತು ದಿನ ಅಲ್ಲೇ ಉಳಿಸಿದೆ. ಮಧ್ಯಾಹ್ನದವರೆಗೆ ತೋಟದ ಕೆಲಸ, ಮಾತು ಆಮೇಲೆ. ಆಗ ನಿಜ ಹೊರಬಂತು. ಬೋರ್‌ವೆಲ್ ಬಂದ ಮೇಲೆ ಸುರಂಗದ ಕಡೆ ತಲೆ ಹಾಕಿದವರಿಲ್ಲ. ಹೂಳು ತೆಗೆಸಲು ಕೂಲಿ ಹುಟ್ಟುವುದಿಲ್ಲ. ಸರಿ ಅಂತ ಆರು ಪ್ರವಾಸಿಗರನ್ನು ತಲೆಗೆ 300 ರೂಪಾಯಿ ಪಡೆದು ಒಂದು ಮನೆಗೆ ಕರೆತಂದೆವು. ಮನೆಯ ಅಮ್ಮ ಬೆಲ್ಲ ನೀರು ಕೊಟ್ಟರು. ನಮ್ಮ ಹುಡುಗಿ ದುಡ್ಡು ನೀಡಿದಳು. ಅವರು ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡರು. "ಬಾಯಾರಿಕೆಗೆ ಕೊಟ್ಟದ್ದಕ್ಕೆ ದುಡ್ಡು ತಗೊಳ್ಳುವುದಾ ಮಗಾ?" ಮರುವಾರ, ಇನ್ನು ಯಾರನ್ನೂ ತರಬೇಡಿ ಅಂತ ಹೇಳಿ ಕಳಿಸಿದರು.

ಅಲ್ಲೇ ದಾರಿ ಸಿಕ್ಕಿತು. ದುಡ್ಡು ಮನೆಗಲ್ಲ, ಸುರಂಗಕ್ಕೆ. ಬಂದವರು ಕೊಟ್ಟದ್ದೆಲ್ಲ ಹೂಳು ತೆಗೆಯುವ ಕೂಲಿಗೆ. ಲೆಕ್ಕದ ಪುಸ್ತಕ ಆ ಮನೆಯಲ್ಲೇ.

ಮೊದಲ ಸುರಂಗಕ್ಕೆ ಹಿರಿಯ ಕೆಲಸಗಾರರೊಬ್ಬರು ಮೇಣದ ಬತ್ತಿ ಹಿಡಿದು ಇಳಿದರು. ಬತ್ತಿ ಮಂಕಾದರೆ ಗಾಳಿ ಸಾಲದು, ಹಿಂದೆ ಬರಬೇಕು. ಮೊಣಕಾಲವರೆಗೆ ಕೆಸರು. ಬುಟ್ಟಿ ಬುಟ್ಟಿ ಹೊರಗೆ ಬಂತು. ಮೂರನೇ ದಿನ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಸಣ್ಣಗೆ ಬರುತ್ತಿದ್ದ ನೀರು ಬೆರಳಿನಷ್ಟು ದಪ್ಪವಾಯಿತು. ಅಮ್ಮ ದಂಬೆಯ ಕೆಳಗೆ ಕೈಯೊಡ್ಡಿ ಸುಮ್ನೆ ನಿಂತರು. ಆಮೇಲೆ ಅವರೇ ಕೇಳಿದರು, "ಇನ್ನು ಯಾವಾಗ ಜನ ಬರುವುದು?" ಈಗ ಊಟಕ್ಕೆ ಎಷ್ಟು ಅಂತ ಹೆಂಗಸರೇ ಕೂತು ನಿಶ್ಚಯಿಸುತ್ತಾರೆ. ಬೆಲ್ಲ ನೀರಿಗೆ ಇವತ್ತಿಗೂ ದುಡ್ಡಿಲ್ಲ.

ನಡುವೆ ಒಂದು ಬಕೆಟ್ ಪ್ರಯೋಗ ಮಾಡಿದೆವು. ಹತ್ತು ಲೀಟರ್ ತುಂಬಲು ಮೊದಲು ಏಳು ನಿಮಿಷ, ಹೂಳು ತೆಗೆದ ಮೇಲೆ ಮೂರರ ಹತ್ತಿರ. ಎರಡೂ ಮೇ ತಿಂಗಳಲ್ಲೇ ಅಳೆದದ್ದು. ಮಳೆಗಾಲದ ಲೆಕ್ಕ ನಂಬಬೇಡಿ. ಮಕ್ಕಳು ಅದನ್ನು ಇದ್ದಿಲಲ್ಲಿ ಗೋಡೆಗೆ ಬರೆದರು. ಬಂದವರು ಮೊದಲು ಫೋಟೋ ತೆಗೆಯುವುದು ಆ ಗೋಡೆಯದ್ದೇ. ಬಾವಲಿ ನೋಡಲು ರಾತ್ರಿ ನಡಿಗೆಯನ್ನೂ ಮಾಡಿದೆವು. ಟಾರ್ಚ್ ಬೆಳಕಿಗೆ ಅವು ಚದುರಿ, ಒಂದು ವಾರ ತಿರುಗಿ ಬರಲಿಲ್ಲ. ಅವತ್ತಿಗೇ ಬಿಟ್ಟೆವು.

2022ರಲ್ಲಿ ಗಡಿಯಾಚೆ ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರಿಗೆ ಪದ್ಮಶ್ರೀ ಬಂದಿತ್ತಲ್ವಾ, ಬೋಳುಗುಡ್ಡ ಕೊರೆದು ನೀರು ತಂದವರು. ಅವರ ಹೆಸರು ಹೇಳಿದರೆ ಸುರಂಗ ಅಂದರೇನು ಅಂತ ವಿವರಿಸುವ ಕೆಲಸ ಅರ್ಧ ಮುಗಿಯುತ್ತದೆ.

ಮೊದಲ ಮನೆಯನ್ನು ಹೇಗೆ ಆರಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲ ನಿಂತಿರುವುದು ಅದರ ಮೇಲೆ. ಬಂದು ಕೇಳಿದರೆ ಹೇಳುತ್ತೇನೆ.

ಈ ಸಲ ಡಿಸೆಂಬರಿನಿಂದ ಮಾರ್ಚಿನವರೆಗೆ ನೂರಹತ್ತು ಜನ ಬಂದಿರಬಹುದು, 33 ಸಾವಿರದ ಆಸುಪಾಸು. ನಾಲ್ಕು ಸುರಂಗ ಚೊಕ್ಕವಾಗಿವೆ. ಐದನೆಯದು ಪತ್ತನಾಜೆಯ ಒಳಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಮುಗಿಯಬೇಕು.