ಎಸಿಎಲ್ ಶಸ್ತ್ರಚಿಕಿತ್ಸೆಯಾದ ಆಟಗಾರರಿಗೆ: ಮೈದಾನದ ಹೊರಗಿನ ತಿಂಗಳುಗಳಲ್ಲಿ ಪ್ರಾರ್ಥಿಸುವ ಬಗೆ

ಮೊಣಕಾಲಿನ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು, ಎಸಿಎಲ್, ಹರಿದು ಶಸ್ತ್ರಚಿಕಿತ್ಸೆಯಾದರೆ ಮತ್ತೆ ಪಂದ್ಯಕ್ಕಿಳಿಯಲು ಕಡಿಮೆಯೆಂದರೂ 9 ತಿಂಗಳು ಬೇಕು. ಗಟ್ಟಿಯಾಗಿ ಪ್ರಾರ್ಥಿಸಿದರೆ 5 ತಿಂಗಳು ಸಾಕು ಎಂದು ಯಾರು ಹೇಳಿದರೂ ಒಪ್ಪಬೇಡಿ. ಆಟವೇ ಇಲ್ಲದ ದಿನಗಳಲ್ಲಿ ನಿಮ್ಮನ್ನು ದೇವರ ಮುಂದೆಯೂ ಫಿಸಿಯೋ ಮುಂದೆಯೂ ತಪ್ಪದೆ ತಂದು ನಿಲ್ಲಿಸುವುದೇ ವಿಶ್ವಾಸ ಮಾಡುವ ಕೆಲಸ.

ಮೊದಲ ಎರಡು ವಾರ ಊತ, ಊರುಗೋಲು, ಮಾತ್ರೆಯ ಮಂಪರು. ಉದ್ದನೆಯ ಪ್ರಾರ್ಥನೆಗೆ ಮನಸ್ಸು ನಿಲ್ಲುವುದಿಲ್ಲ. ಬೈಬಲ್ಲಿನ 13ನೇ ಕೀರ್ತನೆಯೊಂದನ್ನೇ ಇಟ್ಟುಕೊಳ್ಳಿ, ಆರೇ ವಚನ. ಮೊದಲೆರಡು ವಚನಗಳಲ್ಲಿ ದಾವೀದ ‘ಇನ್ನೆಷ್ಟು ಕಾಲ’ ಎಂದು ನಾಲ್ಕು ಸಲ ಕೇಳುತ್ತಾನೆ. ಬಾಯಿಬಿಟ್ಟು ಓದಿ. ಕೊನೆಯ ಸ್ತೋತ್ರದ ಸಾಲಿಗೆ ಓಡುವ ಅವಸರ ಬೇಡ. ‘ಎಲ್ಲಾ ಒಳ್ಳೆಯದಕ್ಕೇ’ ಎಂದು ಮೊದಲ ದಿನದಿಂದಲೇ ನಗುಮುಖ ತೋರಿಸುವವರ ದುಃಖ ಒಳಗೇ ಉಳಿದು, ಆಮೇಲೆ ಮನೆಯವರ ಮೇಲೆ ಸಿಟ್ಟಾಗಿ ಹೊರಬರುತ್ತದೆ.

ಆಮೇಲೆ ಪ್ರಾರ್ಥನೆಯನ್ನು ವ್ಯಾಯಾಮಕ್ಕೇ ಸೇರಿಸಿ. ಹಿಮ್ಮಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಮೊಣಕಾಲನ್ನು ಕೆಳಕ್ಕೆ ಒತ್ತಿ, ತೊಡೆಯನ್ನು 5 ಸೆಕೆಂಡು ಬಿಗಿಹಿಡಿಯುವ ವ್ಯಾಯಾಮವನ್ನು ಫಿಸಿಯೋ ಸಾಮಾನ್ಯವಾಗಿ ಹತ್ತು ಹತ್ತರಂತೆ ಮಾಡಿಸುತ್ತಾರೆ. ಬಿಗಿ ಸಡಿಲಿಸುವಾಗ ಉಸಿರು ಬಿಡುತ್ತಾ ‘ಕರ್ತನೇ, ಕರುಣಿಸು’ ಎನ್ನಿ. ನೋವಿಗೆ ಉಸಿರು ಕಟ್ಟಿಕೊಳ್ಳುವ ಅಭ್ಯಾಸ ತಪ್ಪುತ್ತದೆ. ಒಂದೊಂದು ಸೆಟ್‌ಗೆ ಒಬ್ಬೊಬ್ಬರ ಹೆಸರು ಹಿಡಿದು ಬೇಡಿ. ನಿಮ್ಮ ಜಾಗದಲ್ಲಿ ಈಗ ಆಡುತ್ತಿರುವವರ ಹೆಸರು ಆ ಪಟ್ಟಿಯಲ್ಲಿ ಇರಲೇಬೇಕು. ಮೊದಮೊದಲು ಆ ಹೆಸರು ಬಾಯಿಗೆ ಬರುವುದಿಲ್ಲ. ಆದರೂ ಬಿಡಬೇಡಿ, ಹೊಟ್ಟೆಕಿಚ್ಚು ಬೆಳೆಯುವುದು ಅಲ್ಲಿಯೇ.

ಗುಣಪಡಿಸು ಎಂದು ಧಾರಾಳವಾಗಿ ಕೇಳಿ, ತಾರೀಖು ಕಟ್ಟಬೇಡಿ. ‘ಫೈನಲ್ ಆಡಿಸಿದರೆ ಹರಕೆ ತೀರಿಸುತ್ತೇನೆ’ ಎಂದವರಿಗೆ ಫೈನಲ್ ತಪ್ಪಿದ ದಿನ ದೇವರೇ ಕೈಬಿಟ್ಟಂತೆ ಅನಿಸುತ್ತದೆ. ಅಪೊಸ್ತಲ ಪೌಲ ತನ್ನ ಶರೀರದ ಮುಳ್ಳು, ಅಂದರೆ ಬಿಡದೆ ಕಾಡಿದ ಬಾಧೆ, ತೆಗೆಯೆಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು. ಇದನ್ನು ಆತ ಬರೆದದ್ದು ಗ್ರೀಸಿನ ಕೊರಿಂಥ ಪಟ್ಟಣದವರಿಗೆ. ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡಾಕೂಟ ನಡೆಯುತ್ತಿದ್ದದ್ದು ಆ ಊರಿನ ಪಕ್ಕದಲ್ಲೇ, ಗೆದ್ದವರಿಗೆ ಸಿಗುತ್ತಿದ್ದದ್ದು ಬಾಡುವ ಎಲೆಗಳ ಕಿರೀಟ. ಓಟಗಾರರ ಕಠಿಣ ಶಿಸ್ತಿನ ಮಾತು ಮೊದಲ ಪತ್ರದ 9ನೇ ಅಧ್ಯಾಯದಲ್ಲಿದೆ. ಎರಡನೆಯ ಪತ್ರದ 12ನೇ ಅಧ್ಯಾಯದೊಂದಿಗೆ ಸೇರಿಸಿ ಓದಿ.

ನಿಜವಾದ ಅಪಾಯ ಬರುವುದು ನಾಲ್ಕನೇ ತಿಂಗಳ ಹೊತ್ತಿಗೆ. ನೋವು ಇರುವುದಿಲ್ಲ, ನಿಧಾನ ಓಟಕ್ಕೆ ಅನುಮತಿಯೂ ಸಿಕ್ಕಿರುತ್ತದೆ, ಒಳಗೆ ಕೂರಿಸಿದ ಹೊಸ ಅಸ್ಥಿರಜ್ಜು ಮಾತ್ರ ಇನ್ನೂ ಬಲಿತಿರುವುದಿಲ್ಲ. ಇದೇ ಹೊತ್ತಿಗೆ ಸಭೆಯಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ಮಾಡಿದ್ದನ್ನು ಎಲ್ಲರ ಮುಂದೆ ಹೇಳಲು, ಕರೆಯುತ್ತಾರೆ. ‘ದೇವರು ಪೂರ್ತಿ ವಾಸಿಮಾಡಿದರು’ ಎಂದು ಮೈಕಿನಲ್ಲಿ ಹೇಳಿದ ಮೇಲೆ ಮುಂದಿನ ಶನಿವಾರದ ಪಂದ್ಯಕ್ಕೆ ಬರಲ್ಲ ಅನ್ನುವುದು ಕಷ್ಟ. ಶಸ್ತ್ರಚಿಕಿತ್ಸೆಯಾದ ಕಾಲಿನ ತೊಡೆಯ ಬಲ ಇನ್ನೊಂದರ ಶೇ. 90ರಷ್ಟಾದರೂ ಆಗಿ, ಒಂಟಿಕಾಲಿನ ಜಿಗಿತದ ಪರೀಕ್ಷೆ ಮುಗಿದು, ಶಸ್ತ್ರಚಿಕಿತ್ಸಕರು ಒಪ್ಪುವ ತನಕ ಆ ಸಾಕ್ಷಿಯನ್ನು ಮುಂದಕ್ಕೆ ಹಾಕಿ. ಕಾಯುವುದನ್ನು ಅವಿಶ್ವಾಸ ಎನ್ನುವವರಿದ್ದರೆ ಪಾಸ್ಟರ್ ಅಥವಾ ಫಾದರ್ ಬಳಿ ನೇರವಾಗಿ ಹೇಳಿ.

ಎರಡು ವಾರ ದಾಟಿಯೂ ನಿದ್ದೆಯಿಲ್ಲ, ಯಾವುದರಲ್ಲೂ ಆಸೆಯಿಲ್ಲ ಎಂದಾದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಭಾನುವಾರ ಚರ್ಚ್ ತಪ್ಪಿಸಬೇಡಿ. ನಡುದಾರಿಯ ಪಕ್ಕದ ತುದಿಯಲ್ಲಿ ಕೂತರೆ ಕಾಲು ಚಾಚಬಹುದು. ಮೊಣಕಾಲೂರದಿದ್ದರೂ ಆರಾಧನೆಗೆ ಕೊರತೆಯಿಲ್ಲ. ಮರಳಿ ಆಡುವಾಗ ಭಾನುವಾರದ ಪಂದ್ಯಗಳ ವಿಷಯವನ್ನೂ ಈಗಲೇ ನಿರ್ಧರಿಸಿ. ಸ್ಕಾಟ್ಲೆಂಡಿನ ಕ್ರೈಸ್ತ ಓಟಗಾರ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನ 100 ಮೀ. ಓಟದ ಹೀಟ್ಸ್ (ಮೊದಲ ಸುತ್ತು) ಭಾನುವಾರವೆಂದು ತಿಂಗಳುಗಳ ಮೊದಲೇ ತಿಳಿದು ಹಿಂದೆ ಸರಿದರು. ಅದರಿಂದ 400 ಮೀ.ಗೆ ಅಭ್ಯಾಸ ಮಾಡಲು ಸಮಯ ಸಿಕ್ಕಿತು, 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ನೀವೂ ವೇಳಾಪಟ್ಟಿ ಕೈಗೆ ಬಂದ ದಿನವೇ ಕೋಚ್‌ಗೆ ತಿಳಿಸಿ, ಪಂದ್ಯದ ಹಿಂದಿನ ರಾತ್ರಿಗೆ ಉಳಿಸಬೇಡಿ.