ಮನೆ ಟ್ಯಾಂಕಲ್ಲಿ ಸ್ಟಾರ್‌ಫಿಶ್ ಸಾಕಿದ ನನ್ನ ಅನುಭವ

ಮರೀನ್ ಟ್ಯಾಂಕ್, ಅಂದ್ರೆ ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಕಣ್ಣು ಮೊದಲು ಹೋಗೋದು ಲಿಂಕಿಯಾ ಅನ್ನೋ ನೀಲಿ ಸ್ಟಾರ್‌ಫಿಶ್ ಮೇಲೇನೆ, ನಂಗೂ ಹೋಗಿತ್ತು, ಆದ್ರೆ ನಾನು ತಂದಿದ್ದು ಚಾಕೊಲೇಟ್ ಚಿಪ್ ಅನ್ನೋ ಇನ್ನೊಂದು ಜಾತಿ. ಯಾಕಂದ್ರೆ ಲಿಂಕಿಯಾ ತಿನ್ನೋದು ಕಲ್ಲಿನ ಮೇಲೆ ಕಟ್ಟೋ ತೆಳು ಪಾಚಿ ಲೋಳೆಯಂಥದ್ದನ್ನ, ಮನೆ ಟ್ಯಾಂಕಲ್ಲಿ ಅದು ಸಾಕಾಗಲ್ಲ, ನಾವು ಹಾಕಿದ್ದನ್ನ ಹೆಚ್ಚಿನವು ಮುಟ್ಟೋದೂ ಇಲ್ಲ, ಹೊರಗಿಂದ ಚೆನ್ನಾಗೇ ಕಾಣ್ತಾ ಕಾಣ್ತಾ ತಿಂಗಳುಗಟ್ಟಲೆ ಹಸಿದು ಸಾಯುತ್ತೆ. ಮರಳು ಕೆದಕೋ ಸ್ಟಾರೂ ಅಷ್ಟೇ, ಮರಳಲ್ಲಿರೋ ಹುಳುಹುಪ್ಪಟೆ ಖಾಲಿ ಮಾಡಿ ಆಮೇಲೆ ಉಪವಾಸ. ಚಾಕೊಲೇಟ್ ಚಿಪ್ ಕೊಟ್ಟಿದ್ದು ತಿನ್ನುತ್ತೆ. ಆದ್ರೆ ಕೋರಲ್, ಸ್ಪಂಜು, ಕಪ್ಪೆಚಿಪ್ಪು ಯಾವುದನ್ನೂ ಬಿಡಲ್ಲ, ಹಾಗಾಗಿ ಬರೀ ಮೀನಿರೋ ಟ್ಯಾಂಕಿಗೆ ಮಾತ್ರ ಸರಿ, ಒಂದಡಿ ಅಗಲದವರೆಗೂ ಬೆಳೆಯೋ ಜಾತಿ ಅನ್ನೋದೂ ನೆನಪಿರಲಿ.

ಕೊಳ್ಳುವಾಗ ನಾನು ಬಣ್ಣ ನೋಡಲಿಲ್ಲ, ನೀರೊಳಗೇ ಮಗುಚಿ ಹಾಕಿಸಿ ನೋಡಿದೆ. ಅಡಿಯಲ್ಲಿರೋ ಸಣ್ಣ ಸಣ್ಣ ಕೊಳವೆ ಕಾಲುಗಳು ಆಡ್ತಿರಬೇಕು, ತಾನಾಗೇ ಒಂದು ತೋಳು ತಿರುಚಿ ನೆಲ ಹಿಡ್ಕೊಂಡು ನೇರ ಆಗಬೇಕು. ತೋಳು ಜೋತುಬಿದ್ದಿದ್ರೆ, ಮೈಮೇಲೆ ಬಿಳಿ ಗಾಯ ಇದ್ರೆ ಎಷ್ಟು ಕಡಿಮೆಗೆ ಕೊಟ್ರೂ ಬೇಡ.

ಮನೆಗೆ ತಂದ ಮೇಲಿನ ಮೊದಲ ಕೆಲಸಾನೇ ದೊಡ್ಡದು. ಇದಕ್ಕೆ ರಕ್ತ ಅಂತ ಇಲ್ಲ, ಸಮುದ್ರದ ನೀರಿನಂಥದ್ದೇ ಮೈಯೊಳಗೆಲ್ಲ ತುಂಬಿರುತ್ತೆ, ಅದರ ಒತ್ತಡದಲ್ಲೇ ಕಾಲುಗಳು ಕೆಲಸ ಮಾಡೋದು, ಉಪ್ಪು ಹೆಚ್ಚುಕಮ್ಮಿ ಆದ್ರೆ ಸರಿಮಾಡ್ಕೊಳ್ಳೋ ಶಕ್ತಿ ಬಹಳ ಕಮ್ಮಿ. ಅದಕ್ಕೇ ಏರ್ ಟ್ಯೂಬಿಗೆ ಗಂಟು ಹಾಕಿ ಟ್ಯಾಂಕ್ ನೀರನ್ನ ಹನಿ ಹನಿಯಾಗಿ ಸ್ಟಾರ್ ಇದ್ದ ಬಕೆಟ್ಟಿಗೆ ಬಿಟ್ಟೆ, ಎರಡೂ ಕಡೆ ರಿಫ್ರ್ಯಾಕ್ಟೋಮೀಟರ್ (ಉಪ್ಪಿನಂಶ ಅಳೆಯೋ ಉಪಕರಣ) ಒಂದೇ ಅಂಕಿ ತೋರಿಸೋ ತನಕ ಗಂಟೆಗಟ್ಟಲೆ ಕಾದೆ. ಆಮೇಲೆ ಗಾಳಿಗೆ ಎತ್ತದೆ, ಒಂದು ಡಬ್ಬಿಯೊಳಗೆ ನೀರಿನ ಸಮೇತ ತಗೊಂಡು ಟ್ಯಾಂಕಲ್ಲಿ ಮುಳುಗಿಸಿ ಬಿಟ್ಟೆ.

ನನ್ನ ಟ್ಯಾಂಕಲ್ಲಿ ಸಾಲಿನಿಟಿ, ಅಂದ್ರೆ ನೀರಿನ ಉಪ್ಪಿನಂಶ, ಸಾಪೇಕ್ಷ ಸಾಂದ್ರತೆ ಲೆಕ್ಕದಲ್ಲಿ 1.025, ಬಿಸಿ 25 ಡಿಗ್ರಿ ಆಸುಪಾಸು, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ನೀರು ಆವಿಯಾದ್ರೆ ಉಪ್ಪು ಅಲ್ಲೇ ಉಳಿಯುತ್ತಲ್ಲ, ಆದ್ದರಿಂದ ದಿನಾ ಕಮ್ಮಿಯಾದಷ್ಟಕ್ಕೆ ಆರ್‌ಓ ನೀರೇ ಹಾಕ್ತೀನಿ, ಉಪ್ಪುನೀರಲ್ಲ. ಮೀನಿಗೆ ಕಾಯಿಲೆ ಬಂದ್ರೆ ತಾಮ್ರ ಇರೋ ಔಷಧಿ ಈ ಟ್ಯಾಂಕಿಗೆ ಹಾಕೋ ಹಾಗೇ ಇಲ್ಲ, ಮೀನನ್ನೇ ಬೇರೆ ಕಡೆ ಹಾಕಿ ನೋಡ್ಕೋಬೇಕು.

ಊಟ ಹಾಕೋದು ನಂಗೆ ಇಷ್ಟದ ಕೆಲಸ. ಸಿಗಡಿ ಇಲ್ಲಾ ಸ್ಕ್ವಿಡ್‌ನ ಸಣ್ಣ ಚೂರನ್ನ ಉದ್ದ ಚಿಮಟದಲ್ಲಿ ಹಿಡಿದು ತೋಳಿನ ತುದಿ ಹತ್ರ ಇಡ್ತೀನಿ, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ತುದಿ ಮೆಲ್ಲಗೆ ಮೇಲೇಳುತ್ತೆ, ಚೂರು ಅಡಿಗೆ ಹೋಗುತ್ತೆ, ಕಾಲುಗಳು ಒಂದರಿಂದೊಂದಕ್ಕೆ ದಾಟಿಸ್ಕೊಂಡು ನಡುವಿನ ಬಾಯಿ ತನಕ ಒಯ್ಯುತ್ವೆ. ಗಾಜಿಗೆ ಅಂಟಿದ್ದಾಗ ಕೊಟ್ರೆ ಹೊಟ್ಟೇನೇ ತೆಳ್ಳಗೆ ಬಾಯಿಂದ ಹೊರಗೆ ಬಂದು ಚೂರಿನ ಸುತ್ತ ಹರಡೋದು ಕಾಣುತ್ತೆ, ಮೊದಲ ಸಲ ನೋಡಿದವರು ಏನೋ ಆಗೋಯ್ತು ಅಂದ್ಕೋತಾರೆ! ವಾರಕ್ಕೆ ಎರಡು ಮೂರು ಸಲ ಸಾಕು, ಕಳ್ಳ ಮೀನುಗಳು ಕಿತ್ಕೊಂಡು ಹೋಗದ ಹಾಗೆ ಮೊದಲು ಅವಕ್ಕೆ ಹಾಕಿಬಿಡಿ.

ನೀರು ಸುತ್ತಿಸೋ ಪಂಪು, ಅಂದ್ರೆ ಪವರ್‌ಹೆಡ್‌ಗೆ ತೋಳು ಸಿಕ್ಕದ ಹಾಗೆ ಜಾಲರಿ ಹಾಕಿ, ಹಾರ್ಲೆಕ್ವಿನ್ ಸಿಗಡಿಯಂತೂ ಜೊತೆಗೆ ಬೇಡವೇ ಬೇಡ, ಅದರ ಊಟವೇ ಸ್ಟಾರ್‌ಫಿಶ್ಶು. ತೋಳಿನ ತುದಿ ಸ್ವಲ್ಪ ಹೋದ್ರೆ ಗಾಬರಿ ಬೇಡ, ನೀರು ಚೆನ್ನಾಗಿದ್ರೆ ನಿಧಾನಕ್ಕೆ ಬೆಳೆಯುತ್ತೆ. ಮೈ ಮೆತ್ತಗಾಗಿ ಕರಗೋಕೆ ಶುರುವಾದ್ರೆ ಮಾತ್ರ ಬೆಳಗ್ಗೆ ನೋಡೋಣ ಅನ್ನಬೇಡಿ, ಆಗಲೇ ಬೇರೆ ಪಾತ್ರೆಗೆ ತೆಗೀರಿ, ಟ್ಯಾಂಕಲ್ಲೇ ಕೊಳೆತ್ರೆ ಅಮೋನಿಯಾ ಏರಿ ಮೀನುಗಳೂ ಹೋಗ್ತವೆ.